ಅರ್ಧ ಬೆರಳು ಇಳಿದ ಭುಜ

ಈಗಲೂ ಬಸ್ಸು ಹತ್ತಿದರೆ ಮುಂದೆ ನಿಂತ ಗಂಡಸರ ಭುಜ ನೋಡುತ್ತೇನೆ. ಬಲಗಡೆಯದು ಇಳಿದಿದೆಯೋ ಎಂದು. ಎಂಬತ್ತರ ಹತ್ತಿರ ಬಂದೆ, ಈ ಚಟ ಬಿಡಲಿಲ್ಲ. ಸಿಕ್ಕುವುದಿಲ್ಲ ಎಂದು ಗೊತ್ತಿದ್ದೇ ನೋಡುವುದು.

ನನ್ನ ಗಂಡ ಬೈಂದೂರು ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಮನೆ ಯಡ್ತರೆಯಲ್ಲಿ. ಸಣ್ಣ ಪ್ರಾಯದಿಂದ ಮಿಷನ್ನಿಗೆ ಬಗ್ಗಿ ಬಗ್ಗಿ ಅವರ ಬಲ ಭುಜ ಅರ್ಧ ಬೆರಳು ಇಳಿದಿತ್ತು. ಊರಿಗೆ ಅದು ಗೊತ್ತಿರಲಿಲ್ಲ. ತಮ್ಮ ಅಂಗಿಯ ಬಲ ಭುಜವನ್ನು ಅಷ್ಟೇ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದರು, ಹಾಕಿದರೆ ಎರಡೂ ಸಮ ಕಾಣುತ್ತಿತ್ತು. ನನಗೆ ಗೊತ್ತಿತ್ತು, ಒಗೆಯುವವಳು ನಾನು. ಗುಂಡಿ ಹಾಕುವುದೂ ಅವರದೇ ರೀತಿಯಲ್ಲಿ. ಹಾಕಿ ಆದ ಮೇಲೆ ಗುಂಡಿಯ ಬುಡಕ್ಕೆ ನೂಲನ್ನು ನಾಲ್ಕು ಸುತ್ತು ಸುತ್ತುತ್ತಿದ್ದರು. ಬಟ್ಟೆ ಹರಿದರೂ ಗುಂಡಿ ಬೀಳುತ್ತಿರಲಿಲ್ಲ. ಬಾಯಿ ಕಡಿಮೆ, ಸಿಟ್ಟು ಜಾಸ್ತಿ. ನನ್ನ ರವಿಕೆಯ ಒಂದು ಗುಂಡಿ ಸಡಿಲವಾದರೂ ಬೈಯುತ್ತಿದ್ದರು.

ಒಮ್ಮೆ ಪೊಲೀಸರದೊಂದು ಖಾಕಿ ಅಂಗಿ ಹೊಲಿದು, ಹದ ನೋಡಲು ತಾವೇ ಹಾಕಿಕೊಂಡು ಅಂಗಡಿಯ ಕನ್ನಡಿಯ ಮುಂದೆ ನಿಂತರು. ಬಹಳ ಹೊತ್ತು ನಿಂತರು. ಆ ಕನ್ನಡಿಯನ್ನು ನಾನು ಅವತ್ತೇ ಒಡೆದು ಹಾಕಬೇಕಿತ್ತು. ತಿಂಗಳು ಕಳೆಯಲಿಲ್ಲ, ನೂಲು ತರುತ್ತೇನೆಂದು ಕುಂದಾಪುರಕ್ಕೆ ಹೋದವರು ಮಿಲಿಟ್ರಿಗೆ ಹೆಸರು ಕೊಟ್ಟು ಬಂದರು. ನೂಲು ತರಲಿಲ್ಲ.

“ಹೊಲುಕೆ ಜನ ಬೇಕಂಬ್ರ್ ಅಲ್ಲಿ. ಕೋವಿ ಹಿಡುಕಲ್ಲ,” ಎಂದರು.

“ಇಲ್ಲಿ ಹೊಲುದ್ ಸಾಕಾಯ್ತಾ?”

“ಪೋಲಿಸ್ರ್ ಹೊಟ್ಟಿ ಅಳ್ದ್ ಅಳ್ದ್ ಸಾಕಾಯ್ತ್ ಮಾರಾಯ್ತಿ.”

“ಮಿಲಿಟ್ರಿಯವ್ರಿಗೆ ಹೊಟ್ಟಿ ಇಲ್ಯಾ ಹಂಗಾರೆ?”

ಅವರು ನಕ್ಕರು. ನಾನು ನಗಲಿಲ್ಲ. ಹೊರಡುವ ದಿನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡರು. “ಮಿಷನ್ನಿಗೆ ಎಣ್ಣಿ ಬಿಡುಕೆ ಮರಿಬೇಡ. ಬತ್ತೆ,” ಎಂದರು. ನಾನು “ಹ್ಞೂಂ” ಎಂದೆ. ಅಷ್ಟೇ ನಮ್ಮ ಮಾತು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ, ಮಕ್ಕಳೂ ಇರಲಿಲ್ಲ. ಇನ್ನೊಂದು ಮಾತು ಆಡಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಏನು ಆಡಬೇಕಿತ್ತು ಎಂದು ಕೇಳಿದರೆ ಈಗಲೂ ಗೊತ್ತಿಲ್ಲ.

ಪಾಕಿಸ್ತಾನದ ಯುದ್ಧ ಶುರುವಾಯಿತು. ಹೊಲಿಯುವವನು, ಅಡಿಗೆಯವನು ಎಂದು ನೋಡದೆ ಅವರ ಕೈಗೂ ಕೋವಿ ಕೊಟ್ಟರಂತೆ. ಮೊದಲು ತಂತಿ ಬಂತು. ಎರಡು ತಿಂಗಳ ಮೇಲೆ ಟ್ರಂಕು ಬಂತು. ಹೆಣ ಬರಲಿಲ್ಲ. ಆಗೆಲ್ಲ ಸತ್ತಲ್ಲೇ ಸುಡುತ್ತಿದ್ದರು.

ಟ್ರಂಕಿನಲ್ಲಿ ನಾನು ಬರೆದ ಎರಡು ಕಾಗದ ಇತ್ತು, ಗಡ್ಡ ತೆಗೆಯುವ ಸಾಮಾನು ಇತ್ತು. ಕತ್ತರಿ ಇರಲಿಲ್ಲ. ಒಂದು ಖಾಕಿ ಅಂಗಿ ಇತ್ತು. ಅಳುವವರು ಅಳುತ್ತಿದ್ದರು, ನಾನು ಅಂಗಿಯನ್ನು ಮಗುಚಿ ನೋಡಿದೆ. ಎರಡು ಭುಜವೂ ಸಮ, ಬಲಗಡೆ ಒಳಗೆ ಹಿಡಿದಿಲ್ಲ. ಹೊಲಿಗೆ ಬಿಚ್ಚಿದ ಗುರುತೇ ಇಲ್ಲ. ಗುಂಡಿಗಳು ಬಟ್ಟೆಗೆ ಅಂಟಿಕೊಂಡಿದ್ದವು, ಬುಡಕ್ಕೆ ಸುತ್ತಿಲ್ಲ. ಒಂದು ಗುಂಡಿ ನೇತಾಡುತ್ತಿತ್ತು.

“ಇದ್ ಅವ್ರದ್ದಲ್ಲ,” ಎಂದೆ.

ಟ್ರಂಕು ಅವರದ್ದೇ. ಅಂಗಿ ಬೇರೆಯವನದ್ದು. ಅಂಗಿ ಅದಲುಬದಲಾಗುವಲ್ಲಿ ಮನುಷ್ಯ ಅದಲುಬದಲಾಗುವುದಿಲ್ಲವೇ? ಸತ್ತವನು ಬೇರೆ ಯಾರೋ, ಇವರು ಎಲ್ಲೋ ಸಿಕ್ಕಿಬಿದ್ದಿದ್ದಾರೆ, ಬರುತ್ತಾರೆ. ಹೀಗೆ ನನ್ನ ತಲೆ ಓಡಿತು. ದರ್ಜಿಯ ಹೆಂಡತಿಯಾಗಿರದಿದ್ದರೆ ಅವತ್ತೇ ಅತ್ತು ಮುಗಿಸುತ್ತಿದ್ದೆ.

ಕುಂಕುಮ ಅಳಿಸಲಿಲ್ಲ. ಕರಿಮಣಿ ತೆಗೆಯಲಿಲ್ಲ. ಮೈದುನ ಉತ್ತರಕ್ರಿಯೆಯ ಬೊಜ್ಜಕ್ಕೆ ದಿನ ನೋಡಿಸಿದ್ದ, ಬೇಡ ಎಂದೆ. ಬೊಜ್ಜ ಮಾಡಿದರೆ ಸತ್ತಿದ್ದಾರೆ ಎಂದು ನಾವೇ ಒಪ್ಪಿಕೊಂಡಂತೆ.

“ಅಂಗಿ ಕಂಡ್ ಮನ್ಶಾ ಬದ್ಕಿದ್ದ ಅಂಬುದಾ ಹೆಣ್ಣೆ?” ಎಂದು ಅತ್ತೆ ಕೇಳಿದರು.

“ನಿಮ್ ಮಗ ಇಂಥ ಅಂಗಿ ಹಾಕ್ತ್ರಾ, ನೀವೇ ಹೇಳಿ.”

ಹಾಕುವವರಲ್ಲ ಎಂದು ಅತ್ತೆಗೂ ಗೊತ್ತಿತ್ತು.

ನಾನು ಮಿಷನ್ನು ತುಳಿಯಲು ಕಲಿತೆ. ಅವರು ಬಂದರೆ ತುಕ್ಕು ಹಿಡಿಸಿದೆ ಎಂದು ಬೈಯಬಾರದು. ಮೂರನೆಯ ವರ್ಷ, ಹಿರಿಯರಿಗೆ ಎಡೆ ಇಡುವ ದಿನ, ಅತ್ತೆ ಒಂದು ಎಲೆ ಹೆಚ್ಚು ಹಾಕಿದರು. ನಾನು ಆ ಎಲೆಯನ್ನು ಎತ್ತಿದೆ.

“ಜೀವ ಇದ್ದವ್ರಿಗೆ ಎಡೆ ಇಡುದಾ ಅತ್ತೆ?”

“ನಿಂಗೆ ಗಂಡ. ನಂಗೆ ಮಗ. ಅವ ಹಸ್ದ್ ತಿರುಗ್ತಿದ್ರೆ ನಾ ಯಾರಿಗ್ ಹೇಳುದ್?”

ಅವತ್ತು ಅತ್ತೆ ಉಣ್ಣಲಿಲ್ಲ. ನಾನು ಉಂಡೆ.

ಆರನೆಯ ವರ್ಷ ಕೊಕ್ಕರ್ಣೆಯವನೊಬ್ಬ ಮನೆ ಹುಡುಕಿಕೊಂಡು ಬಂದ. ಅವರ ಜೊತೆಗೇ ಇದ್ದವನಂತೆ, ಮಿಲಿಟ್ರಿ ಮುಗಿಸಿ ಊರಿಗೆ ಬಂದಿದ್ದ. ಬೆಲ್ಲ, ನೀರು ಕೊಟ್ಟೆ. ಅವನು ಯುದ್ಧದ ಕಥೆಗೆ ಹೊರಟ. ನಾನು ಅಂಗಿ ತಂದು ಅವನ ಮುಂದೆ ಹಾಕಿದೆ.

“ಇದ್ ಯಾರ್ದ್?”

“ಅಣ್ಣಂದೇ ಅತ್ಗೀ.”

“ಸುಳ್ಳ್. ಭುಜ ಕಾಣ್. ಗುಂಡಿ ಕಾಣ್.”

ಅವನು ನೋಡಿದ. ಆಮೇಲೆ ತಾನು ಹಾಕಿಕೊಂಡಿದ್ದ ಹಳೆಯ ಖಾಕಿ ಅಂಗಿಯ ಎದೆಯನ್ನು ನನ್ನ ಕಡೆಗೆ ಎಳೆದು ಹಿಡಿದ.

“ಈ ಗುಂಡಿ ಅಣ್ಣ ಹಾಕಿದ್ದ್. ಹೊಸ ಅಂಗಿ ಬಂದದ್ದೇ ಎಲ್ಲರದ್ದೂ ಬಿಚ್ಚಿ ಸಮ ಮಾಡ್ಕೊಟ್ರ್ ಅತ್ಗೀ. ನಿಮ್ದ್ ಯಾವಾಗ ಅಂದ್ರೆ, ನಿಮ್ಮದೆಲ್ಲ ಮುಗೀಲಿ ಅಂಬ್ರ್. ಮುಗೀಲಿಲ್ಲೆ, ಅಷ್ಟೊತ್ತಿಗೆ ಯುದ್ಧಕ್ಕೆ ಹೊರಡುಕೆ ಹೇಳ್ರ್.”

ಅವನ ಗುಂಡಿಯ ಬುಡವನ್ನು ಉಗುರಿನಲ್ಲಿ ಎಣಿಸಿದೆ. ನಾಲ್ಕು ಸುತ್ತು. ಇನ್ನೊಂದನ್ನು ಎಣಿಸಿದೆ. ನಾಲ್ಕು. ಪರಗಂಡಸಿನ ಎದೆಗೆ ಕೈ ಹಾಕಿ ನಿಂತಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

“ಕಂಡಿದ್ಯಾ ನೀನ್?” ಎಂದು ಕೇಳಿದೆ.

“ನಾನೇ ಎತ್ತಿದ್ದ್ ಅತ್ಗೀ. ನನ್ನ ಕೈಯಗೇ ಜೀವ ಹೋದ್ದ್.”

ಅವನು ಹೋದ ಮೇಲೆ ಮಿಷನ್ನಿಗೆ ಎಣ್ಣೆ ಬಿಟ್ಟೆ. ಅಂಗಿಯ ಬಲ ಭುಜ ಬಿಚ್ಚಿದೆ. ಅರ್ಧ ಬೆರಳು ಹಿಡಿದು ಹೊಲಿದೆ. ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ಹಾಕಿ ನಾಲ್ಕು ನಾಲ್ಕು ಸುತ್ತು ಸುತ್ತಿದೆ. ಮುಗಿಸಿ ಎದ್ದು ಅತ್ತೆಗೆ, “ಬೊಜ್ಜಕ್ಕೆ ದಿನ ಕಾಂಬುಕೆ ಹೇಳಿ,” ಎಂದೆ.

ಬೊಜ್ಜದ ದಿನ ಅತ್ತೆ ಅವರ ಎಲೆ ಹಾಕಿದರು. ನಾನು ಎತ್ತಲಿಲ್ಲ. ಅಂಗಿಯನ್ನು ಮಡಚಿ ಎಲೆಯ ಪಕ್ಕದಲ್ಲಿ ಇಟ್ಟೆ. ಅತ್ತೆ ಭುಜದ ಹೊಲಿಗೆಯ ಮೇಲೆ ಬೆರಳು ಎಳೆದರು. ದರ್ಜಿಯ ತಾಯಿ, ಕಣ್ಣು ಮಂಜಾದರೂ ಬೆರಳಿಗೆ ಗೊತ್ತಾಗುತ್ತಿತ್ತು.

“ಸೊಟ್ಟ ಆಯ್ತಲ್ಲೆ ಹೆಣ್ಣೆ.”

“ಬಂದ್ ಬೈಲಿ,” ಎಂದೆ.