ಕೃಷ್ಣಾಬಾಯಿಯ ಚಕ್ಕಲಿ ರೇಟು

"ಅದಕ್ಕ ಹೇಳಾಕತ್ತೇನಿ, ಕೂಸಿನ ಮಾರಿ ನೋಡಲಾರದ ರೇಟ್ ಹೇಳಂಗಿಲ್ಲ. ಮೊದಲ ಅದರ ಕೈಯಾಗ ಒಂದ ಚಕ್ಕಲಿ ಕೊಡ್ರಿ, ಆಮ್ಯಾಲ ಮಾತ," ಎಂದು ಕೃಷ್ಣಾಬಾಯಿ ಸೋಫಾದ ಮೇಲೆ ಕಾಲು ಮಡಚಿ ಕೂತಳು.

ಸಾಕ್ಷಿ ಚಕ್ಕಲಿ ತರಲು ಅಡುಗೆಮನೆಗೆ ಓಡಿದಳು. ಓಡದೆ ಏನು ಮಾಡುತ್ತಾಳೆ? ಬಿಬಿಎ ಎರಡನೇ ವರ್ಷದ ಈ ಹುಡುಗಿ ಎರಡು ವರ್ಷದಿಂದ ತನ್ನದೇ ಮನೆಯ ಪುಕ್ಕಟೆ ಬೇಬಿಸಿಟರ್. ಗಣಪತಿ ನೋಡಲು ಎಲ್ಲರೂ ಹೋದರೆ ಸಾಕ್ಷಿ ಮನೆಯಲ್ಲಿ, ದಸರೆಗೆ ಬನ್ನಿ ಕೊಡಲು ಎಲ್ಲರೂ ಹೋದರೆ ಸಾಕ್ಷಿ ಮನೆಯಲ್ಲಿ. ಇವತ್ತು ದೀಪಾವಳಿ ಅಮಾವಾಸ್ಯೆ, ಅಣ್ಣ ಶಶಿಧರನ ಆಟೋ ನಗರದ ಗ್ಯಾರೇಜಿನಲ್ಲಿ ಲಕ್ಷ್ಮೀಪೂಜೆ. ಹೊಸ ಡ್ರೆಸ್ ಇಸ್ತ್ರಿ ಮಾಡಿ ಇಟ್ಟಾಗಿದೆ, ಗ್ಯಾರೇಜಿನ ಬಾಗಿಲಿಗೆ ಹಾಕುವ ರಂಗೋಲಿಯ ಸ್ಕೆಚ್ ರೆಡಿ, ಮೂವರು ಗೆಳತಿಯರು ಅಲ್ಲಿಗೇ ಬರುತ್ತಾರೆ. ಕೂಸನ್ನು ನೋಡಿಕೊಳ್ಳಲು ಕೃಷ್ಣಾಬಾಯಿ ಒಪ್ಪಿದರೆ ಇಷ್ಟೆಲ್ಲ ಉಂಟು, ಒಪ್ಪದಿದ್ದರೆ ಸಾಕ್ಷಿ ಮತ್ತು ಅಣ್ಣನ ಮೂರು ವರ್ಷದ ಮಗ ಸೋಮಲಿಂಗ, ಇಬ್ಬರೇ.

ಮುತ್ತಜ್ಜನ ಹೆಸರು ಹೊತ್ತ ಸೋಮಲಿಂಗನನ್ನು ಪೂಜೆಗೆ ಒಯ್ಯುವ ಹಾಗಿರಲಿಲ್ಲ. ಹೋದ ವರ್ಷ ಅವನು ಎರಡೂ ಅಂಗೈಗೆ ಕುಂಕುಮ ಬಳಿದುಕೊಂಡು ಗಿರಾಕಿಯೊಬ್ಬರ ಬಿಳಿ ಕಾರಿನ ಮೇಲೆ ಹನ್ನೊಂದು ಹಸ್ತ ಮೂಡಿಸಿದ್ದ. ಗಿರಾಕಿ ಮೊದಲು "ಶುಭ ಆತು" ಅಂದು ನಕ್ಕರು, ಮರುದಿನ ಪಾಲಿಶ್ ಬಿಲ್ಲು ಕಳಿಸಿದರು.

ಖಾನಾಪುರದ ಕೃಷ್ಣಾಬಾಯಿ ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಗಂಡ ಮಾರ್ತಾಂಡ ಇದ್ದ, ಆದರೆ ಅವನು ಮಾತಾಡುವುದು ರೇಡಿಯೊದ ಸಂಗಡ ಮಾತ್ರ. ಹಾಗಾಗಿ ಹಬ್ಬದ ಸಂಜೆ ಬಂತೆಂದರೆ ಅವಳು ಕೈಚೀಲದಲ್ಲಿ ಒಂದು ಹಳೆಯ ಸೈಕಲ್ ಬೆಲ್ ಹಾಕಿಕೊಂಡು ಬೆಳಗಾವಿಯ ಬಸ್ಸು ಹತ್ತುತ್ತಿದ್ದಳು. ಕೂಸು ಎಷ್ಟೇ ಚೀರಲಿ, ಬೆಲ್ ಬಾರಿಸಿದರೆ ದಾರಿ ಬಿಡುತ್ತದೆ ಎಂಬುದು ಅವಳ ಶಾಸ್ತ್ರ.

ಚಕ್ಕಲಿ ಸೋಮಲಿಂಗನ ಕೈಗೆ ಬಂತು. ಎಲ್ಲರೂ ಬಗ್ಗಿ ನೋಡಿದರು.

"ತಿಂದ್ರ ನಾಕನೂರು," ಎಂದಳು ಕೃಷ್ಣಾಬಾಯಿ. "ಒಗದ್ರ ಆರನೂರು."

ಸೋಮಲಿಂಗ ತಿನ್ನಲಿಲ್ಲ, ಒಗೆಯಲೂ ಇಲ್ಲ. ಚಕ್ಕಲಿಯನ್ನು ನೆಟ್ಟಗೆ ನಿಲ್ಲಿಸಿ, "ಭರ್ರ್‌ರ್" ಎಂದು ನೆಲದ ಮೇಲೆ ಉರುಳಿಸುತ್ತಾ ಅದರ ಹಿಂದೆಯೇ ಹಿತ್ತಲಿಗೆ ಹೊರಟುಹೋದ.

"ಅಗ ಬಾಯಿ! ಗಾಲಿ ಮಾಡಿದ! ಎಂಟನೂರು."

"ಎಂಟನೂರಾ?" ಅವನ ತಾಯಿ, ಸಾಕ್ಷಿಯ ಅತ್ತಿಗೆ ಪೂರ್ಣಿಮಾ ಹೌಹಾರಿದಳು. "ಆರನೂರರ ಮ್ಯಾಲ ಆಗಂಗಿಲ್ಲರಿ. ನಮ್ಮ ಸಾಕ್ಷಿ ಪುಕ್ಕಟೆ ನೋಡ್ಕೋತಾಳ."

"ವೈನೀ, ಮ್ಯಾಲಿನ ಇನ್ನೂರ ನಾ ಕೊಡತೇನಿ!" ಸಾಕ್ಷಿ ಹೇರ್‌ಕಟ್‌ಗೆಂದು ಕೂಡಿಸಿದ್ದ ಇನ್ನೂರನ್ನು ತಂದು ಆರುನೂರರ ಜೊತೆ ಸೇರಿಸಿ ಚಾಚಿದಳು.

ಕೃಷ್ಣಾಬಾಯಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ಕೆಲಸ ಆಗೂಕಿಂತ ಮೊದಲ ರೊಕ್ಕ ಮುಟ್ಟಂಗಿಲ್ಲ. ಒಮ್ಮೆ ಮುಟ್ಟಿದ್ದೆ. ಆ ಕೂಸು ಸಂಜಿಮಟಾ ನಿದ್ದಿ ಹೊಡೀತು. ನನಗ ರಾತ್ರಿ ನಿದ್ದಿ ಇಲ್ಲ! ಮರುದಿನ ಹೋಗಿ, ಆ ಕೂಸನ್ನ ಎಬ್ಬಿಸಿ, ಎರಡ ತಾಸ ಆಡಿಸಿ ಬಂದೆ. ರೊಕ್ಕ ಆಮ್ಯಾಲ."

ಆಮೇಲಾದರೆ ಆಮೇಲೆ! ಸಾಕ್ಷಿಯ ತಾಯಿ ಚಂದ್ರವ್ವ ದೇವರ ಮುಂದೆ ದೀಪ ಹಚ್ಚಿದಳು, ಎಲ್ಲರೂ ಗ್ಯಾರೇಜಿಗೆ ಹೊರಟರು. ಸಾಕ್ಷಿ ರಂಗೋಲಿ ಹಾಕಿದಳು, ಪೇಢೆ ತಿಂದಳು, ನಲವತ್ತು ಸೆಲ್ಫಿ ತೆಗೆದಳು, ಎರಡು ವರ್ಷದ ಬಾಕಿಯನ್ನೆಲ್ಲ ಒಂದೇ ಸಂಜೆಯಲ್ಲಿ ನಕ್ಕಳು.

ಏಳೂವರೆಗೆ ಮನೆಗೆ ಬಂದರೆ ಕೃಷ್ಣಾಬಾಯಿ ನಡುಮನೆಯಲ್ಲಿ ಅಂಗಾತ ಮಲಗಿದ್ದಳು. ಅವಳ ಮೊಣಕಾಲಿನ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ ಪೂರ್ತಿ ಖಾಲಿ.

"ಆಯಿ ಗಾಡಿ," ಎಂದ ಸೋಮಲಿಂಗ ಕೃಷ್ಣಾಬಾಯಿಯತ್ತ ಕೈ ತೋರಿಸಿ, ಗಂಭೀರವಾಗಿ. "ಆಯಿಲ್ ಚೇಂಜ್."

"ಖರೇ ಹೇಳತೇನಿ, ಕಾಲ ಹಗರ ಆತು," ಎಂದು ಗಾಡಿ ಎದ್ದು ಕೂತಿತು.

ಸಾಕ್ಷಿ ಎಂಟುನೂರು ತೆಗೆದಳು. ಅಷ್ಟರಲ್ಲಿ ಚಂದ್ರವ್ವ ಹೊಸ್ತಿಲಿಗೆ ಅಡ್ಡ ನಿಂತಳು. "ಏ, ಹುಚ್ಚಿ! ಲಕ್ಷ್ಮೀ ಕುಂತಾಳ. ದೀಪ ಹಚ್ಚಿದ ಮ್ಯಾಲ ಇವತ್ತ ಮನಿಯಿಂದ ಒಂದ ರೂಪಾಯಿ ಹೊರಗ ಹೋಗಬಾರದು."

"ಹಂಗಾರ ಜಿಪೇ ಮಾಡತೇನಿ, ಅವ್ವ. ಹೊಸ್ತಿಲ ದಾಟಂಗಿಲ್ಲ."

"ಫೋನಿನ್ಯಾಗಿಂದ ಹೋದ್ರೂ ಹೋದಂಗ! ಅದು ಟಿಂಗ್ ಅಂತೈತಿ, ಲಕ್ಷ್ಮೀಗೆ ಕೇಳಂಗಿಲ್ಲೇನ?"

"ಗ್ಯಾರೇಜಿನ ಗಲ್ಲಾದಾಗಿಂದ ತರಲೇನ?" ಎಂದ ಶಶಿಧರ.

"ಈಗ ತಾನ ಅಲ್ಲೂ ಲಕ್ಷ್ಮೀನ ಕುಂದರಿಸಿ ಬಂದಿಯಲ್ಲೋ!"

"ಬಾಜೂ ಮನ್ಯಾಗ ಕೈಗಡ ತರತೇನಿ," ಎಂದಳು ಪೂರ್ಣಿಮಾ.

"ಅವರ ಮನ್ಯಾಗ ಏನ ಲಕ್ಷ್ಮೀ ರಜಾ ಹಾಕ್ಯಾಳ?"

ಸಾಕ್ಷಿಗೆ ಅಳುವೇ ಬಂತು. ಕೃಷ್ಣಾಬಾಯಿ ಬರಿಗೈಲಿ ಹೋದರೆ ಮತ್ತೆಂದೂ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಮುಂದಿನ ಹಬ್ಬಗಳೆಲ್ಲ ಮತ್ತೆ ಸಾಕ್ಷಿಯ ಕುತ್ತಿಗೆಗೆ. ಆದರೆ ಕೃಷ್ಣಾಬಾಯಿ ಸೈಕಲ್ ಬೆಲ್ ಟ್ರಿಣ್ ಎನಿಸಿದಳು. ಎಲ್ಲರೂ ಅವಳತ್ತ ತಿರುಗಿದರು.

"ನಾ ಏನ ಹುಚ್ಚಿ ಅದೇನಿ, ಇವತ್ತ ಇಸ್ಕೊಳ್ಳಾಕ? ನಮ್ಮನ್ಯಾಗೂ ಇದ ಪದ್ಧತಿ. ಅಮಾಸಿ ಸಂಜಿಗೆ ನಾ ಹೆಪ್ಪಿಗೆ ಮಸರ ಸೈತ ಕೊಡಂಗಿಲ್ಲ. ಮುಂದಿನ ಆಯಿತವಾರ ಎಲ್ಲಾರೂ ಖಾನಾಪುರಕ್ಕ ಬರ್ರಿ. ಊಟ ನಮ್ಮನ್ಯಾಗ. ಈ ಸಣ್ಣ ಮೆಕ್ಯಾನಿಕ್‌ನ ಕೈಲೆ ರೊಕ್ಕ ಕೊಡಸ್ರಿ, ಮಾರ್ತಾಂಡಂದೂ ಒಂದ ಸರ್ವಿಸಿಂಗ್ ಆಗಲಿ."

"ಮುಂದಿನ ಹಬ್ಬಕ್ಕ ಬರ್ತೀರಲ್ಲ, ಆಯಿ?" ಎಂದಳು ಸಾಕ್ಷಿ.

"ಬರತೇನಿ. ಆದ್ರ ಪೋರಿ, ಆಯಿತವಾರ ನನ್ನ ಮೂರು ಮೊಮ್ಮಕ್ಕಳೂ ಬರ್ತಾವು. ನಾ ಅಡಗಿಗೆ ನಿಂತ್ರ ಅವನ್ನ ನೋಡವ್ರ ಯಾರು? ನೀ ನೋಡ್ಕೋತಿ. ಪುಕ್ಕಟೆ ಅಲ್ಲ ಮತ್ತ. ಹೇಳ, ಎಷ್ಟ ತಗೋತಿ?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಸಾಕ್ಷಿಗೆ ಯಾರೂ ಕೇಳಿರಲಿಲ್ಲ. ಅವಳು ಸೋಫಾದ ಮೇಲೆ ಕೂತಳು, ನಿಧಾನವಾಗಿ ಕಾಲು ಮಡಚಿದಳು.

"ಆಯಿತವಾರ ಹನ್ನೊಂದರ ಬಸ್ಸಿಗೆ ಬರತೇವಿ, ಆಯಿ," ಎಂದಳು. "ಮೂರು ಚಕ್ಕಲಿ ತಗದ ಇಡ್ರಿ."