ಕುಂಬಳದ ಬಳ್ಳಿ ಮತ್ತು ಗೋಡೆಯಾಚೆಯ ಗೆಳತಿ

ಅಗರಖೇಡದ ಸೋದರತ್ತೆಯನ್ನು ನಾವೆಲ್ಲ ಅತ್ಯಾ ಎನ್ನುತ್ತೇವೆ. ಹೋದ ಮಳೆಗಾಲ ನಾನು ಬಾಗೇವಾಡಿಯಿಂದ ಇಂಡಿಗೆ ಬಸ್ಸು, ಅಲ್ಲಿಂದ ಟೆಂಪೋ ಹಿಡಿದು ಹೋದಾಗ, ಕುಡಿಯಲು ನೀರು ಕೊಡುವ ಮೊದಲೇ ಅವಳು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ಗೋಡೆಯ ತುಂಬ ಕುಂಬಳದ ಬಳ್ಳಿ ಹಬ್ಬಿತ್ತು. ಕೆಳಗೆ ನಿಂಬೆಹಣ್ಣಿನಷ್ಟು ಹೀಚುಗಳು ಹಳದಿಯಾಗಿ ಉದುರಿದ್ದವು.

"ಒಂದೂ ನಿಲ್ಲಾಕತ್ತಿಲ್ಲ ನೋಡು. ಇದು ತಾನಾಗಿ ಆಗಿದ್ದಲ್ಲ," ಎಂದು ದನಿ ತಗ್ಗಿಸಿ ಗೋಡೆಯಾಚೆಗೆ ಕಣ್ಣು ಹೊರಳಿಸಿದಳು.

ಆಚೆ ಮನೆಯವಳು ಅವಳ ಹಳೆಯ ಗೆಳತಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ಈಗ ಮಾತು ಬಿಟ್ಟಿದ್ದರು. ಗೆಳತಿ ಬೆಳಬೆಳಗ್ಗೆ ಗೋಡೆಯ ಹತ್ತಿರ ಸುಳಿದದ್ದನ್ನು ಅತ್ಯಾ ಕಂಡಿದ್ದಳಂತೆ.

"ಆಕೀ ಬಳ್ಳ್ಯಾಗ ಕೊಡದಂಥಾ ಕಾಯಿ, ನಮ್ಮಲ್ಲಿ ಹಿಂಗ. ಏನರ ಮಾಟಾ ಮಾಡ್ಯಾಳ."

ಕೇಳುತ್ತ ಕೇಳುತ್ತ ಆ ಅನುಮಾನ ನನಗೂ ಅಂಟಿತು.

ಮರುದಿನ ನಸುಕಿನಲ್ಲಿ ಅತ್ಯಾ ಮಡಿಯುಟ್ಟು ದೇವರಿಗೆ ಕುಂಬಳದ ಹೂ ಹರಿಯಲು ಬಳ್ಳಿಯ ಹತ್ತಿರ ಬಂದಳು. ಹಿಂದೆ ಪುಟ್ಟ ಕಾಯಿ ಇದ್ದ ಹೂವನ್ನು ಮುಟ್ಟಲಿಲ್ಲ. ಅಂಥದ್ದನ್ನು ಹರಿಯುವುದು ಬಸುರಿಯನ್ನು ನೋಯಿಸಿದ ಹಾಗೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಬರೀ ದಂಟಿನ ಮೇಲೆ ಅರಳಿದ ಹೂಗಳನ್ನು ಮಾತ್ರ ಒಂದೂ ಬಿಡದೆ ಬುಟ್ಟಿಗೆ ಹಾಕಿದಳು. ಆಮೇಲೆ ನಾವಿಬ್ಬರೂ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಮರೆಯಲ್ಲಿ ಕುಳಿತು ಕಾದೆವು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿಂದ ಬಳೆಗೈಯೊಂದು ಇಳಿಯಿತು. ಬೆರಳಲ್ಲಿ ಎಸಳು ಕಿತ್ತ ಹೂವಿನ ಕಡ್ಡಿ. ಅದನ್ನು ಅರಳಿದ ಹೂವಿನೊಳಗೆ ಮೆಲ್ಲಗೆ ಸವರಿತು.

"ಫೋನ್ ತಗಿ, ಫೋಟೋ ಹೊಡಿ," ಎಂದು ನನ್ನನ್ನು ತಿವಿದು ಅತ್ಯಾ ಎದ್ದೇಬಿಟ್ಟಳು. "ಏನ ಹಚ್ಚಾಕತ್ತಿ ನಮ್ಮ ಬಳ್ಳಿಗಿ?"

ಗೆಳತಿ ಕೈ ಹಿಂದೆಗೆಯಲಿಲ್ಲ. "ಗಂಡಹೂವ್ರಿ ಅಕ್ಕಾರ, ನಮ್ಮ ಬಳ್ಳೀದು. ನಿಮ್ಮಲ್ಲಿ ಒಂದರ ಉಳಿಸೀರೇನು?"

"ಕಾಯಿ ಇಲ್ಲದ ಹೂವು, ಉಳಿಸಿ ಏನ ಮಾಡೂದೈತಿ?"

"ಎಮ್ಮಿ ಬೆದಿಗಿ ಬಂದು ಒದರಿದ್ರ ಹಗ್ಗಾ ಹಿಡದು ಕೋಣದ ಕಡೆ ನಡಸ್ತೀರಿ. ಬಳ್ಳಿ ಒದರೂದಿಲ್ಲ, ನಡಿಯೂದಿಲ್ಲ. ಹುಳಾ ಹೊತ್ತು ತಂದ್ರ ಉಂಟು. ನೀವು ಹೊತ್ತು ಹುಟ್ಟೂದ್ರಾಗ ವರಗೋಳನ್ನೆಲ್ಲಾ ದೇವರ ತಲಿಮ್ಯಾಲ ಕುಂಡ್ರಸಿದ್ರ ಹುಳಾ ಏನ ತರಬೇಕ್ರಿ?"

ಅತ್ಯಾ ಸೋಲಲಿಲ್ಲ. "ಕೂಡೂಕಿಂತ ಮೊದಲ ಕಾಯಿ ಹ್ಯಾಂಗ ಬಂತು ಹಂಗಾರ? ಎಮ್ಮಿಗಿ ಬರ್ತೈತೇನು?"

"ಅದು ಬರೇ ಚೀಲ್ರಿ. ಕೂಡಲಿಲ್ಲಂದ್ರ ಹಳದಿಯಾಗಿ ಬೀಳತೈತಿ."

"ಗೊತ್ತಿದ್ದಾಕಿ ಬಾಯಿಬಿಟ್ಟು ಹೇಳಬೇಕಿತ್ತು."

"ಮಾತು ಬಿಟ್ಟವ್ರು ಯಾರ್ರಿ?"

ಅತ್ಯಾ ಬಗ್ಗಿ ಹೂವಿನೊಳಗಿನ ಹಳದಿ ಪುಡಿಯನ್ನು ನೋಡಿದಳು, ಮೂಸಿದಳು. ಮಂತ್ರಿಸಿದ ಅರಿಶಿನವೋ ದೇವರ ಭಂಡಾರವೋ ಎಂಬ ಸಂಶಯ ಇನ್ನೂ ಮುಖದಲ್ಲಿತ್ತು.

"ಕಾಯಿ ನಿಂತ್ರ ನಂಬತೇನಿ," ಎಂದಳು. "ನಾಳಿಂದ ಬಾಗಲಾ ಹಿಡದು ಬಾ. ಗ್ವಾಡಿ ಮ್ಯಾಲಿಂದ ಕೈ ಹಾಕಬ್ಯಾಡ, ನೋಡಿದವ್ರು ಕಳ್ಳಿ ಅಂದಾರು."

ಮರುದಿನ ಗೆಳತಿ ಮುಂಬಾಗಿಲಿನಿಂದಲೇ ಬಂದಳು. ಅವಳು ಒಂದೊಂದೇ ಹೂವಿಗೆ ಪುಡಿ ಮುಟ್ಟಿಸುವಾಗ ಅತ್ಯಾ ಮಗ್ಗುಲಲ್ಲೇ ನಿಂತು ಆ ಬೆರಳುಗಳ ಮೇಲೆ ಕಣ್ಣು ಕೀಲಿಸಿ ಕಾದಳು. ಕೆಲಸ ಮುಗಿದ ಮೇಲೂ ಹೂವಿನಿಂದ ಕಣ್ಣು ತೆಗೆಯದೆಯೇ ಅಂದಳು: "ಚಾ ಕುಡದ ಹೋಗು."