ಮಗಳ ತೂಕ ಕೇಳದ ಮೆಕ್ಯಾನಿಕ್

ನನ್ನ ಹೆಂಡತಿಯ ತಮ್ಮ ಸೈಕಲ್ ಮೆಕ್ಯಾನಿಕ್. ಊರೆಲ್ಲ ಅವನನ್ನು ಬೆಣ್ಣೆ ಅನ್ನುತ್ತದೆ. ಮಾತು ಮೆತ್ತಗೆ, ನಡಿಗೆ ಮೆತ್ತಗೆ. ಟೈರಿಗೆ ಹೊಕ್ಕ ಮೊಳೆಯನ್ನೂ ಅದಕ್ಕೆ ನೋವಾಗದ ಹಾಗೆ ಕೀಳುತ್ತಾನೆ. ಒಮ್ಮೆ ಅವನು ರಿಪೇರಿ ಮಾಡಿಕೊಟ್ಟ ಸೈಕಲ್ಲಿನ ಬುಟ್ಟಿಯಲ್ಲಿ ಬೆಕ್ಕು ಮರಿ ಹಾಕಿತ್ತು. ನೋಡದೆ ನಾನು ಕಲ್ಲುದಾರಿಯಲ್ಲಿ ಇಡೀ ಬೆಟ್ಟ ಸುತ್ತಿ ಬಂದೆ. ಮರಿಗಳಿಗೆ ಎಚ್ಚರವೇ ಆಗಿರಲಿಲ್ಲ. ನಂಬದಿದ್ದರೆ ಬೆಕ್ಕನ್ನೇ ಕೇಳಬಹುದಿತ್ತು. ಪಾಪ, ಅದು ಈಗಿಲ್ಲ.

ಬೆಟ್ಟ ಹತ್ತುವ ಸೈಕಲ್ಲುಗಳ ಫೋರ್ಕು ಅಂದರೆ ಅವನದು ಎತ್ತಿದ ಕೈ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಎರಡು ಕಾಲುಗಳೇ ಫೋರ್ಕು. ಗುಂಡಿ ಬಂದರೆ ಕುಗ್ಗುತ್ತವೆ, ದಾಟಿದ ಮೇಲೆ ಏಳುತ್ತವೆ. ಅದರೊಳಗೆ ಗಾಳಿ ಇರುತ್ತದೆ. ಓಡಿಸುವವರ ತೂಕ ನೋಡಿ ಗಾಳಿ ತುಂಬಬೇಕು. ಕಾಲಿಗೊಂದು ರಬ್ಬರ್ ಉಂಗುರ ಬೇರೆ; ಫೋರ್ಕು ಎಲ್ಲಿಯವರೆಗೆ ಕುಗ್ಗಿತೋ ಅಲ್ಲಿಗೆ ಸರಿದು ನಿಂತು ಚಾಡಿ ಹೇಳುತ್ತದೆ. ಬೆಣ್ಣೆ ಗಿರಾಕಿಯನ್ನು ಸೀಟಿನ ಮೇಲೆ ಕೂರಿಸಿ, ಕುಕ್ಕುರುಗಾಲಲ್ಲಿ ಕೂತು, ಎಳೆಗೂಸಿನ ಜ್ವರ ನೋಡುವವನ ಹಾಗೆ ಆ ಉಂಗುರವನ್ನೇ ನೋಡುತ್ತಾನೆ.

ಇಷ್ಟೆಲ್ಲ ಬಲ್ಲವನು ಎಡವಿದ್ದು ಸ್ವಂತ ಮಗಳ ಸೈಕಲ್ಲಿನಲ್ಲಿ.

ಅವಳಿಗೆ ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ಸಾಕಾಗಿತ್ತು. ಬೆಟ್ಟದ ಮೇಲಿನ ಆಸ್ಪತ್ರೆಗೆ ಔಷಧಿ ಸಾಗಿಸುವ ಕೆಲಸ ಸಿಕ್ಕರೆ ಬದುಕಿದೆ ಅನ್ನುತ್ತಿದ್ದಳು. ಅದಕ್ಕೊಂದು ಪರೀಕ್ಷೆ. ಗಾಜಿನ ಬಾಟಲಿಗಳ ಪೆಟ್ಟಿಗೆಯನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡು ಬೆಟ್ಟದ ಕಲ್ಲಿನ ಮೆಟ್ಟಿಲುಗಳ ಮೇಲೆ ಸೈಕಲ್ ಇಳಿಸಬೇಕು. ಒಂದು ಬಾಟಲಿ ಒಡೆದರೂ ವಾಪಸ್ ಬಟ್ಟೆ ಅಂಗಡಿಗೆ.

ಹಿಂದಿನ ದಿನ ಸಂಜೆ ನಮ್ಮ ಬೆಣ್ಣೆಯ ಅಂಗಡಿ ಹಿಂದಿರುವ ಮೆಟ್ಟಿಲಲ್ಲಿ ಒಂದು ಬಾಟಲಿ ಕಟ್ಟಿಕೊಂಡು ಸೈಕಲ್ ಇಳಿಸಿ ನೋಡಿದಳು. ಠಕ್ ಎಂದಿತು. ಬಾಟಲಿ ಚೂರಾಯಿತು.

"ಗಟ್ಟಿಯಾಯ್ತು. ತಾಳು, ಸ್ವಲ್ಪ ಗಾಳಿ ಬಿಡ್ತೀನಿ," ಎಂದ ಬೆಣ್ಣೆ.

"ಅಪ್ಪ, ಮೊನ್ನೆನೂ ಬಿಟ್ಟೆ, ನಿನ್ನೆನೂ ಬಿಟ್ಟೆ. ಉಂಗುರ ನೋಡು, ತುದೀಲಿ ಹೋಗಿ ಕೂತಿದೆ. ಇನ್ನು ಕುಗ್ಗೋಕೆ ಜಾಗ ಎಲ್ಲಿದೆ? ಅದಕ್ಕೇ ಠಕ್ ಅಂತಿರೋದು."

"ಗಟ್ಟಿ ಮಾಡಿದ್ರೆ ಕೈಗೆ ಏಟು ಬೀಳುತ್ತೆ ಕಣೇ."

"ನಾನು ಕೈ ಮುರ್ಕೊಂಡಿದ್ದು ಸ್ಕೂಲಲ್ಲಿದ್ದಾಗ. ಇನ್ನೂ ಅದೇ ರಾಗ ನಿಂದು."

ಚಿಕ್ಕವಳಿದ್ದಾಗ ಅವಳು ಬಿದ್ದದ್ದು ಅವನೇ ಜೋಡಿಸಿಕೊಟ್ಟ ಸೈಕಲ್ಲಿನಿಂದ. ಆ ಸೈಕಲ್ಲಿಗೆ ಕುಗ್ಗುವ ಫೋರ್ಕು ಇರಲಿಲ್ಲ. ಅಂದಿನಿಂದ ಮಗಳ ವಿಷಯಕ್ಕೆ ಬಂದರೆ ಅವನಿಗೆ ಎಷ್ಟು ಮೆತ್ತಗಿದ್ದರೂ ಸಾಲದು. ಹಾಸಿಗೆಗೆ ಚಕ್ರ ಕಟ್ಟಿಕೊಡುವುದೊಂದು ಬಾಕಿ.

ಸ್ಟೂಲಿನ ಮೇಲೆ ಕೂತಿದ್ದ ನಾನು ಸುಮ್ಮನಿರಲಾರದೆ ಬಾಯಿ ಹಾಕಿದೆ. "ಮಗಳನ್ನ ಕಂಡ್ರೆ ನಿಮ್ಮಪ್ಪನ ಬುದ್ಧಿ ಕರಗುತ್ತೆ ಕಣಮ್ಮ. ಗಿರಾಕಿಯಾಗಿ ಬಾ, ಏನ್ಮಾಡ್ತಾನೆ ನೋಡೋಣ."

"ನೀವು ಸುಮ್ನಿರಿ ಮಾವ," ಎಂದವಳು ಒಂದು ಗಳಿಗೆ ಯೋಚಿಸಿ, ಸೈಕಲ್ ತಳ್ಳಿಕೊಂಡು ಬೀದಿಗೆ ಹೋಗಿ, ಮುಂಬಾಗಿಲಿಂದ ಒಳಗೆ ಬಂದಳು.

"ಅಣ್ಣಾವ್ರೇ, ಈ ಫೋರ್ಕ್ ಸ್ವಲ್ಪ ಸರಿ ಮಾಡ್ಕೊಡ್ತೀರಾ? ಯಾರೋ ಅರೆಬರೆ ಮೆಕ್ಯಾನಿಕ್ ಕೈಗೆ ಕೊಟ್ಟು ಕೆಡಿಸ್ಕೊಂಡಿದೀನಿ."

ಬೆಣ್ಣೆ ನನ್ನತ್ತ ಕೆಕ್ಕರಿಸಿ ನೋಡಿದ. ಆದರೆ ಕೈಗೆ ಅಭ್ಯಾಸಬಲ. ಬಟ್ಟೆಗೆ ಒರೆಸಿಕೊಂಡು ಪಂಪನ್ನು ಎತ್ತಿಕೊಂಡಿತು.

"ಎಲ್ಲಿ ಓಡಿಸ್ತೀರಮ್ಮ?"

"ಕಲ್ಲು, ಮೆಟ್ಟಿಲು, ಇಳಿಜಾರು."

"ತೂಕ?"

ಅವಳು ಹೇಳಿದಳು. ಪಂಪು ಅಲ್ಲೇ ನಿಂತಿತು.

"ಅಷ್ಟಾ?"

"ಮತ್ತಿನ್ನೇನು? ತಟ್ಟೆ ಖಾಲಿ ಆಗೋವರೆಗೂ ಏಳೋಕೆ ಬಿಡದೆ ಎದುರಿಗೆ ಕೂತಿರ್ತಿದ್ದೋರು ಯಾರು?"

ದಾರಿಹೋಕರಿಗೂ ಮೊದಲು ಕೇಳುವ ಪ್ರಶ್ನೆಯನ್ನು ಅವನು ಮಗಳಿಗೆ ಒಂದು ದಿನವೂ ಕೇಳಿರಲಿಲ್ಲ. ಹೆಗಲ ಮೇಲೆ ಹೊತ್ತು ತಿರುಗಿದಾಗ ಎಷ್ಟಿದ್ದಳೋ ಅಷ್ಟೇ ಅವನ ಲೆಕ್ಕ. ಪಂಪು ಮತ್ತೆ ಹಿಡಿದು ಗಾಳಿ ಹೊಡೆದ. "ಕೂತ್ಕೊಳ್ಳಿ," ಎಂದ. "ಇಳೀರಿ," ಎಂದ. ಉಂಗುರ ನೋಡಿದ, ಮತ್ತಷ್ಟು ಹೊಡೆದ. ಉಂಗುರ ಇರಬೇಕಾದ ಕಡೆ, ಫೋರ್ಕಿನ ಕಾಲುಭಾಗಕ್ಕೆ, ಬಂದು ನಿಂತಾಗಲೂ ಅವನ ಬಾಯಲ್ಲಿ ಬಹುವಚನವೇ. ನಮ್ಮ ಹುಡುಗಿ ನಗಲಿಲ್ಲ.

ಮರುದಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ನಾವಿಬ್ಬರೂ ನಿಂತಿದ್ದೆವು. ಬೆಣ್ಣೆ ಮೆಟ್ಟಿಲಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿದ್ದ.

"ಭಾವ, ಎಲ್ಲಿದಾಳೆ ಹೇಳಿ."

"ಹಾರ್ತಿದಾಳೆ ಕಣೋ. ಹದ್ದೊಂದು ಪಕ್ಕಕ್ಕೆ ಸರಿದು ದಾರಿ ಬಿಡ್ತು."

"ಇವತ್ತೊಂದಿನ ನಿಜ ಹೇಳಿ ಭಾವ."

ಅವನ ದನಿ ಕೇಳಿ ನನ್ನ ನಾಲಿಗೆ ತಣ್ಣಗಾಯಿತು. "ಇಳೀತಿದಾಳೆ. ಅರ್ಧ ಬಂದ್ಲು. ಕೈ ಅಲ್ಲಾಡ್ತಿಲ್ಲ," ಎಂದೆ. ಜೀವಮಾನದಲ್ಲಿ ನಾನಾಡಿದ ಅತಿ ಸಪ್ಪೆ ಮಾತು ಅದೇ ಇರಬೇಕು.

ಕೆಳಗೆ ಕಾದಿದ್ದ ಆಸ್ಪತ್ರೆಯ ದೊಡ್ಡ ನರ್ಸು ಪೆಟ್ಟಿಗೆ ತೆರೆದು, ಒಂದೊಂದೇ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ಒಂದಕ್ಕೂ ಬಿರುಕಿಲ್ಲ.

"ಸುಸ್ತಾಗಿದ್ಯಾ? ಇಲ್ಲಾಂದ್ರೆ ಇವತ್ತೇ ಹೊರಡು. ಮೇಲೆ ಔಷಧಿಗೆ ಕಾಯ್ತಿದಾರೆ," ಎಂದು ನಿಜವಾದ ಪೆಟ್ಟಿಗೆ ಕಟ್ಟಿಸಿದರು.

ಬೆಣ್ಣೆ ಈಗ ತಿರುಗಿ ಓಡಿದ. "ಏಯ್, ಹತ್ತೋವಾಗ ಫೋರ್ಕು..." ಎನ್ನುವಷ್ಟರಲ್ಲಿ ಅವಳು ಫೋರ್ಕಿನ ತಲೆಯ ಗುಬುಟನ್ನು ತಿರುಗಿಸಿ, ಅದು ಕುಗ್ಗದ ಹಾಗೆ ಲಾಕ್ ಮಾಡಿಯಾಗಿತ್ತು. ಏರಿನಲ್ಲಿ ಮೆತ್ತಗಿದ್ದರೆ ಕಾಲಿನ ಬಲವನ್ನೆಲ್ಲ ಫೋರ್ಕೇ ನುಂಗಿಬಿಡುತ್ತದೆ.

"ಗೊತ್ತಪ್ಪ," ಎಂದು ಹೇಳಿ, ಬೆಟ್ಟ ಸುತ್ತಿ ಹತ್ತುವ ದಾರಿ ಹಿಡಿದಳು. ಬೆಣ್ಣೆ ಪಕ್ಕದಲ್ಲೇ ಒಂದಷ್ಟು ದೂರ ಓಡಿದ, ಆಮೇಲೆ ನಿಂತ.